ರಾತ್ರಿ ಹನ್ನೆರಡಕ್ಕೆ ಮುಗಿಯುವ ನೆಟ್: ಮುಂಬಯಿ ಕನ್ನಡಿಗರ ಮೊಬೈಲ್ ಲೆಕ್ಕ

ಮುಂಬಯಿಯ ಕನ್ನಡ ಸಂಘಗಳ ವೇದಿಕೆಯಲ್ಲಿ ಮೊಬೈಲಿನ ಮಾತು ಬಂದರೆ ಅದು ‘ಚಟ’ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಮಕ್ಕಳು ಕೆಟ್ಟರು, ಓದು ಹೋಯಿತು, ಊಟಕ್ಕೆ ಕೂತರೂ ಅದೇ ಎಂದು ಭಾಷಣಕಾರರು ಬೇಸರಪಡುತ್ತಾರೆ. ಕೂತು ಕೇಳಿದವರು ಆ ಭಾಷಣವನ್ನೇ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕುತ್ತಾರೆ. ಚಟ ಇಲ್ಲವೆಂದು ನಾನೂ ಹೇಳಲಾರೆ. ಆದರೆ ಜನ ಫೋನಿನಲ್ಲಿ ಏನು ಮಾಡುತ್ತಾರೆ, ಯಾವ ಹೊತ್ತಿಗೆ ಮಾಡುತ್ತಾರೆ, ಯಾರ ಜೊತೆ ಮಾಡುತ್ತಾರೆ ಎಂಬುದನ್ನು ಮೂರು ದಶಕಗಳಿಂದ ಹೆಚ್ಚಾಗಿ ತೀರ್ಮಾನಿಸುತ್ತ ಬಂದದ್ದು ದರಪಟ್ಟಿ. ಯಾವುದು ಅಗ್ಗವಾಯಿತೋ ಜನ ಅತ್ತ ಹರಿದರು. ಹಾಗೆ ಹರಿದದ್ದರಿಂದ ಮುಂಬಯಿ ಕನ್ನಡಿಗರಿಗೆ ಊರು ತೀರಾ ಹತ್ತಿರ ಬಂತು. ಈ ನಗರದೊಳಗಿನ ಕನ್ನಡ ಮಾತ್ರ ಮೆಲ್ಲಗೆ ತೆಳುವಾಗುತ್ತಿದೆ.

ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಕಲ್ಕತ್ತಾದಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಅವರಿಗೆ ಮಾಡಿದ ಕರೆ ಅದು. ಆಗ ಹೊರಹೋಗುವ ಕರೆಗೆ ನಿಮಿಷಕ್ಕೆ ಸುಮಾರು 16 ರೂಪಾಯಿ, ಬಂದ ಕರೆ ಎತ್ತಿದರೆ ಅದರ ಅರ್ಧ. ಹೋಟೆಲಿನ ಧಣಿಗಳಿಗೆ, ಬಿಲ್ಡರುಗಳಿಗೆ ಅದು ಒದಗಿತೇ ಹೊರತು ಹೋಟೆಲಿನ ಹುಡುಗರಿಗೆ ಎಸ್‌ಟಿಡಿ ಬೂತೇ ಗತಿ. ಅಲ್ಲಿಯೂ ದರಪಟ್ಟಿಯದ್ದೇ ಆಟ. ರಾತ್ರಿ ಹನ್ನೊಂದರ ಮೇಲೆ ದರ ಇಳಿಯುತ್ತಿದ್ದುದರಿಂದ ಫೋರ್ಟ್, ಮಾಟುಂಗಾ, ಅಂಧೇರಿಯ ಬೂತುಗಳ ಮುಂದೆ ಆ ಹೊತ್ತಿಗೇ ಸಾಲು ಹತ್ತುತ್ತಿತ್ತು. ಊರಿನಲ್ಲಿ ಫೋನ್ ಇದ್ದ ಒಂದೇ ಮನೆಯವರು ನಿದ್ದೆಗೆಟ್ಟು, ಟಾರ್ಚ್ ಹಿಡಿದು, ಆಚೆ ಮನೆಯವರನ್ನು ಕರೆದು ತರುತ್ತಿದ್ದರು.

2003ರಲ್ಲಿ ಒಳಬರುವ ಕರೆ ಉಚಿತವಾದದ್ದೇ ತಡ, ಮಿಸ್ ಕಾಲ್ ಒಂದು ಭಾಷೆಯೇ ಆಯಿತು. ಒಂದು ರಿಂಗ್ ಎಂದರೆ ತಲುಪಿದೆ, ಎರಡು ಎಂದರೆ ನೀನೇ ಮಾಡು. ಕೊಡುವವನಿಗೆ ಕಾಸಿಲ್ಲ, ತೆಗೆದುಕೊಳ್ಳುವವನಿಗೂ ಇಲ್ಲ, ಕಂಪನಿಗಂತೂ ಏನೂ ಇಲ್ಲ. ಮುಂಬಯಿ ತನ್ನದೇ ಪ್ರತ್ಯೇಕ ಟೆಲಿಕಾಂ ವಲಯ, ಪುಣೆ ಮತ್ತು ಗೋವಾ ಮಹಾರಾಷ್ಟ್ರ ವಲಯದಲ್ಲಿವೆ. ಹಾಗಾಗಿ ಊರಿಗೆ ಹೊರಟವರ ಬಸ್ಸು ವಲಯದ ಗಡಿ ದಾಟಿದರೆ ರೋಮಿಂಗ್ ಶುರು. ಅದಕ್ಕೆಂದೇ ಪರ್ಸಿನ ಒಳಜೇಬಿನಲ್ಲಿ ‘ಊರಿನ ಸಿಮ್’ ಇಟ್ಟುಕೊಳ್ಳುತ್ತಿದ್ದರು. ಎರಡು ಸಿಮ್ಮಿನ ಅಗ್ಗದ ಫೋನುಗಳಿಗೆ ಇಲ್ಲಿ ಗಿರಾಕಿ ಸಿಕ್ಕಿದ್ದು ಸುಮ್ಮನೆ ಅಲ್ಲ. 2009ರಲ್ಲಿ ಸೆಕೆಂಡಿಗೆ ಒಂದು ಪೈಸೆ ಲೆಕ್ಕದ ದರ ಬಂದು ಮಾತು ಅಗ್ಗವಾಯಿತು. ಎಸ್ಸೆಮ್ಮೆಸ್ ಪ್ಯಾಕುಗಳು ಬಂದು ಹುಡುಗರ ಹೆಬ್ಬೆರಳು ಸವೆಯಿತು. ಆದರೂ ದೀಪಾವಳಿ, ಹೊಸ ವರ್ಷದಂಥ ದಿನಗಳಲ್ಲಿ ಪ್ಯಾಕ್ ನಡೆಯುತ್ತಿರಲಿಲ್ಲ, ಶುಭಾಶಯಕ್ಕೆ ಪೂರ್ತಿ ದರ. 2011ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ದಿನಕ್ಕೆ ನೂರೇ ಎಸ್ಸೆಮ್ಮೆಸ್ ಎಂಬ ಮಿತಿಯನ್ನೂ ಹಾಕಿತು, ಜಾಹೀರಾತಿನ ಕಾಟ ತಪ್ಪಿಸಲೆಂದು. ಎರಡೇ ತಿಂಗಳಲ್ಲಿ ಅದು ಇನ್ನೂರಾಯಿತು. ಮೆಸೇಜನ್ನು ಎಣಿಸಿ ಎಣಿಸಿ ಕಳಿಸುತ್ತಿದ್ದವರ ಕೈಗೆ ವಾಟ್ಸಾಪ್ ಬಂದಾಗ ಅವರು ಯಾಕೆ ಹಾಗೆ ಮುಗಿಬಿದ್ದರು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಮುಂದಿನದನ್ನು ಸರಕಾರದ ಅಂಕಿಅಂಶಗಳೇ ಹೇಳುತ್ತವೆ. 2014ರ ಮಾರ್ಚ್‌ನಲ್ಲಿ ಡೇಟಾ ಬಳಸುವ ಒಬ್ಬ ಗ್ರಾಹಕ ತಿಂಗಳಿಗೆ ಸರಾಸರಿ ಬಳಸುತ್ತಿದ್ದುದು 62 ಎಂಬಿಯಷ್ಟು. ಹತ್ತು ವರ್ಷದ ನಂತರ ಅದು 20 ಜಿಬಿ ದಾಟಿತು. 2014ರಲ್ಲಿ ಒಂದು ಜಿಬಿಗೆ ಸುಮಾರು 269 ರೂಪಾಯಿ ಬೀಳುತ್ತಿದ್ದರೆ ಈಗ ಹತ್ತರ ಆಸುಪಾಸು. ನಡುವೆ ನಿಂತಿರುವುದು 2016ರ ಸೆಪ್ಟೆಂಬರ್ 5, ಜಿಯೋ ಶುರುವಾದ ದಿನ. ಕರೆ ಉಚಿತ, ಮುಂದಿನ ಮಾರ್ಚ್ ಕೊನೆಯವರೆಗೆ ಡೇಟಾವೂ ಉಚಿತ. ಅದರ ಹೊಡೆತಕ್ಕೆ ಹತ್ತಾರು ಕಂಪನಿಗಳಿದ್ದ ಮಾರುಕಟ್ಟೆಯಲ್ಲಿ ಉಳಿದದ್ದು ಮೂರು ಖಾಸಗಿ ಕಂಪನಿ ಮತ್ತು ಸರಕಾರದ್ದು.

ಡೇಟಾ ಅಗ್ಗವಾದದ್ದನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆಗೇ ಬಂದ ಇನ್ನೊಂದು ಬದಲಾವಣೆ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಅದೇ ದಿನದ ಕೋಟಾ. ಮೊದಲು ತಿಂಗಳಿಗೆ ಒಂದು ಜಿಬಿ ಎಂದು ಕೊಳ್ಳುತ್ತಿದ್ದೆವು, ಜಿಪುಣತನದಿಂದ ಬಳಸುತ್ತಿದ್ದೆವು, ವಿಡಿಯೊ ಬಂದರೆ ಡೌನ್‌ಲೋಡ್ ಆಗದಂತೆ ಸೆಟ್ಟಿಂಗ್ ಬದಲಿಸುತ್ತಿದ್ದೆವು. 2017ರಿಂದ ದಿನಕ್ಕೆ ಒಂದು ಜಿಬಿ, ಒಂದೂವರೆ ಜಿಬಿ, ಎರಡು ಜಿಬಿ ಎಂಬ ಪ್ಯಾಕುಗಳೇ ಪದ್ಧತಿಯಾದವು. ರಾತ್ರಿ ಹನ್ನೆರಡಕ್ಕೆ ಉಳಿದದ್ದು ಹೋಗುತ್ತದೆ, ನಾಳೆಗೆ ಸೇರುವುದಿಲ್ಲ. ಮೆಸ್ಸಿನ ಊಟದ ಹಾಗೆ, ಉಂಡರೂ ಬಿಟ್ಟರೂ ದುಡ್ಡು ಅಷ್ಟೇ. ದುಡಿದು ತಿನ್ನುವವರು ದುಡ್ಡು ಕೊಟ್ಟದ್ದನ್ನು ಬಿಡುವುದಿಲ್ಲ. ಮೆಸೇಜಿನಿಂದ ಒಂದೂವರೆ ಜಿಬಿ ಖರ್ಚಾಗುವುದಿಲ್ಲ, ಅದಕ್ಕೆ ವಿಡಿಯೊನೇ ಬೇಕು. ಮೊಬೈಲ್ ಮನರಂಜನೆಯ ಯಂತ್ರವಾದದ್ದರಲ್ಲಿ ಈ ಕೋಟಾದ ಪಾಲು ದೊಡ್ಡದು.

ಅಂಧೇರಿಯ ಕಡೆಯ ಯಾವುದೇ ಸಾಧಾರಣ ಉಡುಪಿ ಹೋಟೆಲನ್ನು ರಾತ್ರಿ ಹನ್ನೊಂದೂವರೆಗೆ ನೋಡಿ. ಶಟರ್ ಅರ್ಧ ಇಳಿದಿರುತ್ತದೆ. ನೆಲ ತೊಳೆದಾಗಿದೆ, ಕುರ್ಚಿಗಳು ಟೇಬಲ್ಲಿನ ಮೇಲೆ ಮಗುಚಿಕೊಂಡಿವೆ, ನಾಳೆಯ ಇಡ್ಲಿ ಹಿಟ್ಟು ಮುಚ್ಚಿಟ್ಟಾಗಿದೆ. ಚಾರ್ಜಿಂಗ್ ಪಾಯಿಂಟ್ ಇರುವ ಗೋಡೆಯ ಪಕ್ಕ ಮಲಗಲು ಪೈಪೋಟಿ. ಬೈಂದೂರಿನವನು ಯಕ್ಷಗಾನದ ತುಣುಕು ನೋಡುತ್ತಿದ್ದಾನೆ, ಜಾರ್ಖಂಡಿನವನದು ಭೋಜಪುರಿ ಹಾಡು, ಇಂಡಿ ತಾಲ್ಲೂಕಿನವನು ಕಿವಿಗೆ ಫೋನ್ ಒತ್ತಿ “ಯವ್ವಾ, ಊಟ ಆತೇನು?” ಎಂದು ವಾಯ್ಸ್ ಹಾಕುತ್ತಿದ್ದಾನೆ. ಬೆಳಿಗ್ಗೆ ಐದಕ್ಕೆ ಏಳಬೇಕಲ್ಲ ಎಂದು ಗಲ್ಲೆಯವರು ಗದರಿದರೆ ಬೈಂದೂರಿನ ಹುಡುಗನ ಉತ್ತರ: “ಹನ್ನೆರಡ್ ಗಂಟಿ ಒಳ್ಗೆ ಮುಗಿಸ್ಕ್ ಮಾರಾಯ್ರೆ, ಇನ್ನೂ ಮುಕ್ಕಾಲ್ ಜಿಬಿ ಇತ್ತ್!” ಇದನ್ನು ಚಟವೆನ್ನುವುದೋ ಜಿಪುಣತನವೆನ್ನುವುದೋ?

ಜಾಗದ ಪ್ರಶ್ನೆಯೂ ಇದೆ. 2011ರ ಜನಗಣತಿಯ ಪ್ರಕಾರ ಮುಂಬಯಿಯ ಸುಮಾರು ಶೇ 41ರಷ್ಟು ಕುಟುಂಬಗಳು ಕೊಳೆಗೇರಿಗಳಲ್ಲಿದ್ದವು. ಚಾಳಿನ ಒಂದು ಖೋಲಿಯಲ್ಲಿ ಐದಾರು ಜನ ಇರುವಾಗ ಟಿವಿ ಎಲ್ಲರದ್ದು, ರಿಮೋಟ್ ಹಿರಿಯರದ್ದು. ತನ್ನದು ಅಂತ ಒಬ್ಬನಿಗೆ ಸಿಗುವ ಜಾಗ ಫೋನಿನ ಪರದೆ ಮಾತ್ರ. ಇದಕ್ಕೆ ಲೋಕಲ್ ರೈಲು ಸೇರಿಸಿ. ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಪ್ರಯಾಣಗಳು, ಡೊಂಬಿವಿಲಿಯಿಂದಲೋ ವಿರಾರ್‌ನಿಂದಲೋ ಹೊರಟರೆ ಹೋಗಿಬರಲು ಎರಡು ಮೂರು ಗಂಟೆ. ಪೇಪರ್ ಬಿಡಿಸಲು ಬೇಕಾಗುವಷ್ಟು ಜಾಗ ಗರ್ದಿಯಲ್ಲಿ ಸಿಗುವುದಿಲ್ಲ, ಫೋನ್ ಹಿಡಿಯಲು ಒಂದು ಕೈ ಸಾಕು. ಪೇಪರನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಓದುವ ಕಲೆ ಈ ನಗರದ್ದೇ ಆಗಿತ್ತು, ಈಗ ಅದು ಹಳಬರ ಕೈಯಲ್ಲಷ್ಟೇ ಉಳಿದಿದೆ. ಗಾಡಿ ಎಲ್ಲಿದೆ, ಎಷ್ಟು ಲೇಟ್ ಎಂದು ಎಂ-ಇಂಡಿಕೇಟರ್ ಆ್ಯಪಿನ ಚಾಟಿನಲ್ಲಿ ಪರಸ್ಪರ ಪರಿಚಯವಿಲ್ಲದವರು ಹೇಳಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಮುಂಬಯಿಯ ಅತ್ಯಂತ ಉಪಯುಕ್ತ ಸೋಶಿಯಲ್ ಮೀಡಿಯಾ ಅದೇ. ಇಯರ್‌ಫೋನ್ ಹಾಕದೆ ಡಬ್ಬಿಗೆಲ್ಲ ರೀಲ್ಸ್ ಕೇಳಿಸುವವರ ಕಾಟ ಬೇರೆ. ನಗರದ ಬಸ್ಸು ನಡೆಸುವ ಬೆಸ್ಟ್ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ತನ್ನ ಬಸ್ಸುಗಳಲ್ಲಿ ಅದನ್ನು ನಿಷೇಧಿಸಿತು. ಆದೇಶ ಎಷ್ಟು ಪಾಲನೆಯಾಗಿದೆ ಎಂಬುದು ಬಸ್ಸು ಹತ್ತಿದವರಿಗೆ ಗೊತ್ತು.

ಕನ್ನಡದ ಮನರಂಜನೆ ಟಿವಿಯಿಂದ ಫೋನಿಗೆ ದಾಟಿದ್ದರಲ್ಲೂ ಒಂದು ದರಪಟ್ಟಿ ಇದೆ. 2019ರ ಫೆಬ್ರುವರಿಯಿಂದ ಟ್ರಾಯ್ ಹೊಸ ಪದ್ಧತಿ ತಂದು, ಮೊದಲ 100 ಚಾನೆಲ್‌ಗೆ 130 ರೂಪಾಯಿ ಮೂಲ ಶುಲ್ಕ, ಪೇ ಚಾನೆಲ್‌ಗೆ ಬೇರೆ ದುಡ್ಡು ಎಂದಿತು. ಬೆಂಗಳೂರಿನಲ್ಲಿ ಕನ್ನಡ ಪ್ಯಾಕ್ ಒಂದೇ ಸಾಕು. ಮುಂಬಯಿಯ ಕನ್ನಡಿಗರ ಮನೆಯಲ್ಲಿ ಮಕ್ಕಳಿಗೆ ಹಿಂದಿ, ಸೊಸೆಗೆ ಮರಾಠಿ, ಅತ್ತೆಗೆ ಕನ್ನಡ. ಹೀಗೆ ಮೂರು ಭಾಷೆಯ ಪ್ಯಾಕಿಗೆ ದುಡ್ಡು ಕೊಡುವಾಗ ಮೊದಲು ಕತ್ತರಿ ಬೀಳುವುದು ಅತ್ತೆಯ ಧಾರಾವಾಹಿಗೆ. ಅತ್ತೆಯವರೇನೂ ಕೈಕಟ್ಟಿ ಕೂರಲಿಲ್ಲ, ಮೊಮ್ಮಗನಿಂದ ಫೋನಿನಲ್ಲಿ ನೋಡುವುದನ್ನು ಕಲಿತರು. 2023ರಲ್ಲಿ ಜಿಯೋಸಿನೆಮಾ ಐಪಿಎಲ್ ಅನ್ನು ಉಚಿತವಾಗಿ, ಕನ್ನಡ ಕಾಮೆಂಟರಿಯನ್ನೂ ಸೇರಿಸಿ ತೋರಿಸಿತು. ವಾಂಖೆಡೆ ಇರುವ ಊರಿನಲ್ಲಿ ಕೂತು ಆರ್‌ಸಿಬಿಗೆ ಜೈ ಎನ್ನುವವರಿಗೆ ಕಿವಿಯಲ್ಲಿ ಕನ್ನಡವೂ ಸಿಕ್ಕಿತು. ಟಿಕ್‌ಟಾಕ್ 2020ರ ಜೂನ್ 29ರಂದು ಇತರ 58 ಆ್ಯಪ್‌ಗಳ ಜೊತೆ ನಿಷೇಧವಾದಾಗ ಆ ಜಾಗವನ್ನು ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್ ಹೊತ್ತಿಗೆ ಯೂಟ್ಯೂಬ್ ಶಾರ್ಟ್ಸ್ ತುಂಬಿದವು.

ಇವೆಲ್ಲಕ್ಕಿಂತ ಮುಂಬಯಿ ಕನ್ನಡಿಗರನ್ನು ಹೆಚ್ಚು ಬದಲಿಸಿದ್ದು ವಾಯ್ಸ್ ಮೆಸೇಜ್ ಎಂದು ನನಗನ್ನಿಸುತ್ತದೆ. ವಾಟ್ಸಾಪ್‌ನಲ್ಲಿ ಅದು ಬಂದದ್ದು 2013ರಲ್ಲಿ. ಇಲ್ಲಿ ಹುಟ್ಟಿದ ಎರಡನೇ, ಮೂರನೇ ತಲೆಮಾರಿಗೆ ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಇದೆ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಹಾಗಾಗಿ ಕನ್ನಡ ಅರ್ಥವಾಗುತ್ತದೆ, ಮಾತಾಡಲೂ ಬರುತ್ತದೆ, ಅಕ್ಷರ ಬರುವುದಿಲ್ಲ. ಊರಿನ ಅಜ್ಜಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ನಡುವೆ ಎಸ್ಸೆಮ್ಮೆಸ್ ಏನು ಮಾಡೀತು? ವಾಯ್ಸ್ ಬಂದ ಮೇಲೆ ಇಬ್ಬರೂ ಮಾತಾಡಿಕೊಂಡರು. ತುಳುವಿನವರಿಗಂತೂ ಇದು ಇನ್ನೂ ಸಲೀಸು. ತುಳು–ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದೇ 2024ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಲಕ್ಷಾಂತರ ಮಂದಿ “ವನಸ್ ಆಂಡಾ?” (ಊಟ ಆಯಿತೇ?) ಎಂದು ಯಾವ ಲಿಪಿಯ ಹಂಗೂ ಇಲ್ಲದೆ ಕೇಳಿಯಾಗಿತ್ತು.

ಇದು ಒಳ್ಳೆಯದೇ. ಆದರೆ ಮುಂಬಯಿಯ ಕನ್ನಡ ನಿಂತದ್ದು ಅಕ್ಷರದ ಮೇಲೆ ಎಂಬುದನ್ನು ಮರೆಯಬಾರದು. ಹಗಲು ಲೋಟ ತೊಳೆದ ಹುಡುಗರು ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಎಸ್ಸೆಸ್ಸಿ ಓದಿದ್ದು, ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿದ್ದು, ‘ಮೊಗವೀರ’ದಂಥ ಮಾಸಿಕ, ‘ಕರ್ನಾಟಕ ಮಲ್ಲ’ದಂಥ ದಿನಪತ್ರಿಕೆ ಈ ನಗರದಿಂದ ಹೊರಟದ್ದು, ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಲ್ಲಿ ಕನ್ನಡ ವಿಭಾಗ ಬಂದದ್ದು, ಎಲ್ಲವೂ ಓದುವ ಬರೆಯುವ ಕನ್ನಡ. ಆ ಪತ್ರಿಕೆ ತೆರೆದರೆ ಕುಂದಾಪುರದವರಿಗೆ ಕಲಬುರಗಿಯವರ ಸಭೆಯ ಸುದ್ದಿಯೂ ಕಣ್ಣಿಗೆ ಬೀಳುತ್ತಿತ್ತು, ಬೇಕೆಂದು ಹುಡುಕಬೇಕಿರಲಿಲ್ಲ. ನಿಧನವಾರ್ತೆ, ಮದುವೆ, ಸಂಘದ ವಾರ್ಷಿಕೋತ್ಸವ, ಯಾರಿಗೋ ಸನ್ಮಾನ ಎಲ್ಲ ಒಂದೇ ಪುಟದಲ್ಲಿ. ಈಗ ನಿಧನವಾರ್ತೆ ಗ್ರೂಪಿಗೆ ಮೊದಲು ಬರುತ್ತದೆ, ಸತ್ತವರ ಫೋಟೊಕ್ಕೆ ಹೂಹಾರದ ಚೌಕಟ್ಟು ಹಾಕಿ, ಅಂತ್ಯಕ್ರಿಯೆಯ ಲೊಕೇಶನ್ ಸಮೇತ. ಆದರೆ ಬರುವುದು ನಮ್ಮ ಊರಿನ, ನಮ್ಮ ಜಾತಿಯ, ನಮ್ಮ ಕುಟುಂಬದ ಗ್ರೂಪಿಗೆ ಮಾತ್ರ.

ಗ್ರೂಪುಗಳು ಕಟ್ಟಿಕೊಳ್ಳುವುದು ಫೋನ್ ಬುಕ್ಕಿನಲ್ಲಿ ಇರುವವರಿಂದ, ಫೋನ್ ಬುಕ್ಕಿನಲ್ಲಿ ಇರುವವರು ಊರಿನವರು. 2016ರಿಂದ 2022ರವರೆಗೆ ಒಂದು ಗ್ರೂಪಿಗೆ 256 ಜನ ಮಾತ್ರ ಎಂಬ ಮಿತಿ ಇತ್ತು. ಒಂದು ಮಾಗಣೆಯವರನ್ನು, ಅಂದರೆ ಅಕ್ಕಪಕ್ಕದ ಕೆಲವು ಊರಿನವರನ್ನು, ಸೇರಿಸುವಷ್ಟರಲ್ಲಿ ಅದು ತುಂಬಿ, ಹೆಸರಿನ ಮುಂದೆ 1, 2, 3 ಎಂದು ಗ್ರೂಪುಗಳು ಹುಟ್ಟಿದವು. ಈಗ 1,024 ಜನರಿಗೆ ಅವಕಾಶವಿದ್ದರೂ ಒಮ್ಮೆ ಬೇರೆಯಾದವರು ಒಂದಾಗಿಲ್ಲ, ಅಡ್ಮಿನ್‌ಗಳೂ ಬಿಟ್ಟುಕೊಡುವುದಿಲ್ಲ.

ದೇವಸ್ಥಾನದ ಜೀರ್ಣೋದ್ಧಾರದ ವಂತಿಗೆಯನ್ನೇ ನೋಡಿ. ಕರಾವಳಿಯ ಯಾವುದೇ ಬ್ರಹ್ಮಕಲಶೋತ್ಸವಕ್ಕೆ ಒಂದು ‘ಮುಂಬಯಿ ಸಮಿತಿ’ ಇರುತ್ತದೆ. ಹಿಂದೆ ಸಮಿತಿಯವರು ರಶೀದಿ ಪುಸ್ತಕ ಹಿಡಿದು ಭಾನುವಾರಗಳಲ್ಲಿ ಹೊರಡುತ್ತಿದ್ದರು, ಥಾಣೆಯ ಹೋಟೆಲು, ಮುಲುಂಡಿನ ಮನೆ, ವಸಾಯಿಯ ಅಂಗಡಿ. ಹೋದಲ್ಲೆಲ್ಲ ಚಹಾ, ತಿಂಡಿ, ಮಗಳಿಗೊಂದು ಗಂಡು ಇದ್ದರೆ ಹೇಳಿ ಎಂಬ ಮಾತು, ಯಾರದೋ ಮಗನಿಗೆ ಕೆಲಸದ ವಿಚಾರ. ಕೊಡುವವರು ನಮ್ಮ ಊರಿನವರೇ ಆಗಬೇಕೆಂದೂ ಇರಲಿಲ್ಲ, “ಶೆಟ್ರೇ, ನಮ್ಮದೂ ಒಂದು ಬರ್ಕೊಳ್ಳಿ” ಎಂದು ಪಕ್ಕದ ಟೇಬಲ್ಲಿನ ಬೆಳಗಾವಿಯವರೂ ಬರೆಸುತ್ತಿದ್ದರು. ಈಗ ಆಮಂತ್ರಣದ ಪಿಡಿಎಫ್‌ನ ಕೊನೆಯ ಪುಟದಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಹಣ ಊರಿನ ಖಾತೆಗೆ ನೇರ ಹೋಗುತ್ತದೆ, ಲೆಕ್ಕ ಚೊಕ್ಕ, ಬಸ್ಸು ರೈಲಿನ ಖರ್ಚೂ ಇಲ್ಲ. ಸಮಿತಿಯವರಿಗೆ ಇದು ಅನುಕೂಲವೇ, ನಾನಾದರೂ ಹಾಗೇ ಮಾಡುತ್ತಿದ್ದೆ. ಥಾಣೆಯ ಹೋಟೆಲಿಗೂ ವಸಾಯಿಯ ಅಂಗಡಿಗೂ ಇದ್ದ ನಂಟನ್ನು ಮಾತ್ರ ಕ್ಯೂಆರ್ ಕೋಡ್ ಕಟ್ಟುವುದಿಲ್ಲ.

ಸಭಾಂಗಣಗಳು ಬರಿದಾಗಿವೆ ಎಂದು ಇದರ ಅರ್ಥವಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರ ತಂಡಗಳು ಮುಂಬಯಿ ತಿರುಗಾಟಕ್ಕೆ ಬಂದರೆ ಈಗಲೂ ಜನ ಸೇರುತ್ತಾರೆ. ಸುದ್ದಿ ಮುಟ್ಟಿಸುವುದೂ ವಾಟ್ಸಾಪ್ಪೇ. ಕನ್ನಡ ಕವಿಗೋಷ್ಠಿಗೆ, ಪುಸ್ತಕ ಬಿಡುಗಡೆಗೆ ಬರುವವರ ತಲೆಗೂದಲು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನೋಡುವ, ಕೇಳುವ ಕನ್ನಡಕ್ಕೆ ಫೋನಿನಿಂದ ಆಯುಸ್ಸು ಹೆಚ್ಚಿದೆ, ಓದುವ ಕನ್ನಡಕ್ಕೆ ಆ ಲಾಭ ಸಿಕ್ಕಿಲ್ಲ.

ಕಿವಿಯ ಕನ್ನಡಕ್ಕೆ ಇನ್ನೊಂದು ಅಪಾಯವಿದೆ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಅಲೆಮಾರಿ ಸಮುದಾಯದ ಐವರನ್ನು ಜನ ಹೊಡೆದು ಕೊಂದರು. ಅದೇ ತಿಂಗಳ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ಹಾಗೆಯೇ ಸತ್ತರು. ಆ ದಿನಗಳಲ್ಲಿ ಹರಿದಾಡಿದ ವಿಡಿಯೊಗಳಲ್ಲಿ ಒಂದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ್ದ ಜಾಹೀರಾತು. ಕೊನೆಯ ಭಾಗ ಕತ್ತರಿಸಿದ್ದರಿಂದ ಅದು ಅಪಹರಣದಂತೆ ಕಂಡಿತು. ವಾಟ್ಸಾಪ್ ಅದೇ ತಿಂಗಳು ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಕಟ್ಟು ಹಾಕಿತು, 2020ರಲ್ಲಿ ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದೇ ಚಾಟ್‌ಗೆ ಇಳಿಸಿತು. ಬರಹದಲ್ಲಿ ಬಂದ ಸುಳ್ಳನ್ನು ಅದೇ ವಾಕ್ಯ ಹಾಕಿ ಗೂಗಲ್‌ನಲ್ಲಿ ಹುಡುಕಬಹುದು. “ನಮ್ಮ ಕಡೆ ಹುಷಾರು ಮಾರಾಯ್ರೆ” ಎಂದು ಊರಿನ ಧಾಟಿಯಲ್ಲೇ ಬಂದ ವಾಯ್ಸನ್ನು ಹುಡುಕುವುದು ಹೇಗೆ? ಧ್ವನಿ ಪರಿಚಿತವೆನ್ನಿಸಿದರೆ ಸಾಕು, ನಂಬಿಕೆ ಬಂದುಬಿಡುತ್ತದೆ. ಪೊಲೀಸರೆಂದು ಹೇಳಿಕೊಂಡು, ಫೋನಿನಲ್ಲೇ ಬಂಧಿಸಿದ್ದೇವೆಂದು ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ವಂಚಕರಿಗೂ ಇದು ಗೊತ್ತು. ಬೆಂಗಳೂರಿನವರಿಗೆ ಅವರು ‘ಮುಂಬಯಿ ಪೊಲೀಸ್’ ಎಂದೇ ಕರೆ ಮಾಡಿ ಹೆದರಿಸಿದ ಪ್ರಕರಣಗಳು ಬೇಕಾದಷ್ಟಿವೆ. ಊರಿನ ನೆಂಟರು ಗಾಬರಿಯಿಂದ ಇಲ್ಲಿಗೆ ಫೋನ್ ಮಾಡಿದರೆ ಹೇಳಬೇಕಾದದ್ದು ಇಷ್ಟೇ: ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ, ಫೋನ್ ಇಡಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಖರ್ಚು. ಡೇಟಾ ಅಗ್ಗವಾಗಿದೆ ನಿಜ, ಆದರೆ ಬಿಲ್ ಅಗ್ಗವಾಗಿಲ್ಲ. 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ ಹೀಗೆ ಮೂರು ಸಲ ಕಂಪನಿಗಳು ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿವೆ. ಕೊನೆಯ ಏರಿಕೆಯಲ್ಲಿ ದಿನಕ್ಕೆ ಒಂದೂವರೆ ಜಿಬಿಯ ಜಿಯೋ ಪ್ಯಾಕ್ 239ರಿಂದ 299 ರೂಪಾಯಿಗೆ ಹೋಯಿತು. ಅದು ತಿಂಗಳ ಪ್ಯಾಕ್ ಅಲ್ಲ, 28 ದಿನದ್ದು. ಸಂಬಳ ವರ್ಷಕ್ಕೆ ಹನ್ನೆರಡು ಸಲ ಬಂದರೆ ರೀಚಾರ್ಜ್ ಹದಿಮೂರು ಸಲ, ಒಟ್ಟು 3,887 ರೂಪಾಯಿ. ಈ ಹದಿಮೂರನೇ ರೀಚಾರ್ಜಿನ ಬಗ್ಗೆ ದೂರುಗಳು ಹೆಚ್ಚಿದ ಮೇಲೆ ಟ್ರಾಯ್ 2022ರ ಜನವರಿಯಲ್ಲಿ, ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕ್ ಆದರೂ ಇಡಬೇಕೆಂದು ಆದೇಶಿಸಿತು. ಇಟ್ಟಿದ್ದಾರೆ. ಜನ ಕೊಳ್ಳುವ ಪ್ಯಾಕುಗಳ ಸಾಲಿನಲ್ಲಿ 28 ದಿನದ್ದೇ ಇನ್ನೂ ಎದ್ದು ಕಾಣುತ್ತದೆ.

ಊರಿನಲ್ಲಿರುವ ತಾಯಿಗೆ ಕೀಪ್ಯಾಡ್ ಫೋನ್. ಆಕೆಗೆ ನೆಟ್ ಬೇಡ, ಮಗನ ಕರೆ ಬಂದರೆ ಸಾಕು. ಆದರೂ ನಂಬರ್ ಜೀವಂತ ಇರಬೇಕಾದರೆ ಡೇಟಾ ಸೇರಿದ ಪ್ಯಾಕನ್ನೇ ಹಾಕಿಸಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಮಾತು ಮತ್ತು ಎಸ್ಸೆಮ್ಮೆಸ್‌ಗಷ್ಟೇ ಪ್ರತ್ಯೇಕ ಪ್ಯಾಕ್ ಕೊಡಿ ಎಂದಿತು. ಕಂಪನಿಗಳು ಕೊಟ್ಟವು, 84 ದಿನಕ್ಕೆ 450 ರೂಪಾಯಿಯ ಆಸುಪಾಸು. ಅಂದರೆ ತಿಂಗಳಿಗೆ 160. ಡೇಟಾ ಹೋಯಿತು, ದರ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಈ ರೀಚಾರ್ಜನ್ನು ಮಾಡಿಸುವವನೂ ಮುಂಬಯಿಯ ಮಗನೇ, ರಾತ್ರಿ ಶಟರ್ ಇಳಿದ ಮೇಲೆ, ತನ್ನದೇ ಫೋನಿನಿಂದ. ಎರಡು ನಂಬರಿನ ಖರ್ಚು ಸೇರಿಸಿದರೆ ವರ್ಷಕ್ಕೆ ಐದೂಮುಕ್ಕಾಲು ಸಾವಿರ ದಾಟುತ್ತದೆ. ಅವನ ವಾಯ್ಸ್ ಮೆಸೇಜ್ ಆ ಕೀಪ್ಯಾಡ್ ಫೋನಿಗೆ ಹೋಗುವುದಿಲ್ಲವಾದ್ದರಿಂದ ಪಕ್ಕದ ಮನೆಯ ಹುಡುಗನ ನಂಬರಿಗೆ ಕಳಿಸುತ್ತಾನೆ. ಅವನು ಹೋಗಿ ಕೇಳಿಸಿ ಬರುತ್ತಾನೆ, ಅವನ ನೆಟ್ ಖಾಲಿಯಾಗಿರದಿದ್ದರೆ.